ಚಿತ್ರಕ್ಕೆ ಮರುಳಾಗಬೇಡಿ, ಅಕ್ಷರ ಓದಿ!

(ಘೋಡಗೇರಿಯಲ್ಲಿ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಛಾಪಖಾನೆಯಲ್ಲಿ ನಿಂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಭಿತ್ತಿಪತ್ರ, ಚುನಾವಣೆಯ ಕರಪತ್ರ, ಇವೇ ನನ್ನ ವಿದ್ಯೆ. ಕಾಗದದ ಮೇಲೆ ಕೂತ ಮಸಿ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂಬುದು ಮಾತ್ರ ನನ್ನ ಕಣ್ಣಿಗೆ ಗೊತ್ತಾಗುತ್ತದೆ. ಆ ಒಂದು ವಿದ್ಯೆಯನ್ನು ಇಂದು ನಿಮ್ಮ ಕೈಗೆ ಕೊಟ್ಟು ಹೋಗೋಣವೆಂದು ಬಂದಿದ್ದೇನೆ.

ಸಿನಿಮಾ ಎಲ್ಲ ಮೊಬೈಲಿನಲ್ಲೇ ಸಿಗುವಾಗ ಡಿವಿಡಿ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಬೇಕು ಗೆಳೆಯರೇ! ಊರಲ್ಲಿರುವ ಅಜ್ಜನಿಗೆ ಮೊಬೈಲು ಒತ್ತಲು ಬರುವುದಿಲ್ಲ, ಡಿಸ್ಕು ಹಾಕಿ ಟಿವಿ ಮುಂದೆ ಕೂರಲು ಬರುತ್ತದೆ. ಹಳೆಯ ಕನ್ನಡ ಚಿತ್ರ ಇಂದು ಒಂದು ಆ್ಯಪಿನಲ್ಲಿ ಇರುತ್ತದೆ, ನಾಳೆ ಹೇಳದೆ ಕೇಳದೆ ಮಾಯವಾಗುತ್ತದೆ. ಕಪಾಟಿನಲ್ಲಿರುವ ಡಿಸ್ಕು ಎಲ್ಲಿಗೂ ಹೋಗುವುದಿಲ್ಲ. ಆದರೆ ಅದನ್ನು ಮಾರುವ ಅಂಗಡಿಗಳು ಬಹುಪಾಲು ಬಾಗಿಲು ಹಾಕಿವೆ. ಹಾಗಾಗಿ ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿ ದುಡಿಯುವ ನೀವು ಆನ್‌ಲೈನಿನಲ್ಲಿ ತರಿಸುತ್ತೀರಿ. ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡುತ್ತೀರಿ. ಕಳ್ಳನಿಗೆ ಬೇಕಾದದ್ದು ಇದೇ.

ಗೋಕಾಕದ ಕರದಂಟನ್ನು ಬಾಯಲ್ಲಿಟ್ಟರೆ ಅಸಲಿಯೋ ನಕಲಿಯೋ ನಾಲಿಗೆಯೇ ಹೇಳುತ್ತದೆ. ಡಿಸ್ಕನ್ನು ನೆಕ್ಕಿ ನೋಡಲಾದೀತೇ? ಅದಕ್ಕೆ ಬೇರೆ ಪರೀಕ್ಷೆ ಬೇಕು.

ಬೆಲೆ ಸಾಕ್ಷಿಯಲ್ಲ

ಮೊದಲು ನಾಲ್ಕು ತಪ್ಪು ನಂಬಿಕೆಗಳನ್ನು ಕಿತ್ತುಹಾಕೋಣ.

‘ಅಗ್ಗ ಇದ್ದರೆ ನಕಲಿ’ ಎನ್ನುತ್ತಾರೆ. ಮೋಸರ್ ಬೇರ್ ಎಂಬ ದೊಡ್ಡ ಕಂಪನಿ ಸಿನಿಮಾ ಡಿಸ್ಕಿನ ವ್ಯಾಪಾರಕ್ಕೆ ಇಳಿದಾಗ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಅದು ಅಸಲಿ ಮಾಲೇ! ಕಳ್ಳಮಾಲನ್ನು ಬೆಲೆಯಲ್ಲೇ ಸೋಲಿಸಬೇಕೆಂದು ಹೂಡಿದ ಆಟ ಅದು. ಆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು 2018ರಲ್ಲಿ ಆದೇಶವಾಯಿತು. ಈಗ ಅದರ ಹೆಸರಿನ ಡಿಸ್ಕು ‘ಹೊಸ ತಯಾರಿಕೆ’ ಎಂದು ಬಂದರೆ ಕಿವಿ ನಿಮಿರಬೇಕು. ಹಳೆಯ ದಾಸ್ತಾನು ಎಂದರೆ ನಂಬಬಹುದು, ಆಗ ಕವರಿನ ಕಾಗದವೂ ಹಳೆಯದಾಗಿ ಕಾಣಬೇಕು. ಇನ್ನು ಅಪರೂಪದ ಪ್ರತಿ ಎಂದು 900 ರೂಪಾಯಿ ಕೇಳಿದ ಮಾತ್ರಕ್ಕೆ ಅಸಲಿಯೂ ಆಗುವುದಿಲ್ಲ.

‘ಪ್ಲಾಸ್ಟಿಕ್ ಸೀಲ್ ಇದೆ’ ಎನ್ನುತ್ತಾರೆ. ಆ ಹಾಳೆ ಸುತ್ತಿ ಬಿಸಿಗಾಳಿ ಬಿಡುವ ಯಂತ್ರ ಸಿಹಿತಿಂಡಿ ಅಂಗಡಿಯಲ್ಲೂ ಇರುತ್ತದೆ. ‘ಹೊಲೋಗ್ರಾಂ ಇದೆ’ ಎನ್ನುತ್ತಾರೆ. ಮಿನುಗುವ ಚೀಟಿಯನ್ನು ಹಾಳೆಗಟ್ಟಲೆ ಕೊಳ್ಳಬಹುದು. ‘ಬಾರ್‌ಕೋಡ್ 890ರಿಂದ ಶುರುವಾಗುತ್ತದೆ’ ಎನ್ನುತ್ತಾರೆ. 890 ಎಂದರೆ ಆ ಅಂಕಿ ಭಾರತದಲ್ಲಿ ನೋಂದಣಿಯಾದದ್ದು ಎಂದಷ್ಟೇ ಅರ್ಥ. ಕವರು ನಕಲು ಮಾಡುವವನು ಬಾರ್‌ಕೋಡನ್ನು ಬಿಟ್ಟುಬಿಡುತ್ತಾನೆಯೇ?

ಕವರೇ ಬಾಯಿ ಬಿಡುತ್ತದೆ

ಈಗ ನನ್ನ ಕಸುಬಿಗೆ ಬರುತ್ತೇನೆ. ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾ ಸಾಕು, ಹತ್ತಿರ ಹಿಡಿದು ದೊಡ್ಡದು ಮಾಡಿ. ಕವರಿನ ನಟನ ಮುಖ ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರ ನೋಡಿ.

ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚಿತ್ರ ನಾಲ್ಕು ಮಸಿಗಳ ಚುಕ್ಕಿಗಳಿಂದ ಆಗುತ್ತದೆ: ನೀಲಿ, ಮಜೆಂಟಾ, ಹಳದಿ, ಕಪ್ಪು. ಆದರೆ ಸಣ್ಣ ಕಪ್ಪು ಅಕ್ಷರಕ್ಕೆ ನಾವು ಕಪ್ಪು ಮಸಿ ಒಂದನ್ನೇ ಬಳಸುತ್ತೇವೆ. ಆದ್ದರಿಂದ ಅಸಲಿ ಕವರಿನಲ್ಲಿ ಅಕ್ಷರದ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರುತ್ತದೆ. ಕಳ್ಳನ ಹತ್ತಿರ ಮೂಲ ಫೈಲು ಇರುವುದಿಲ್ಲ. ಅವನು ಮುದ್ರಿತ ಕವರನ್ನು ಸ್ಕ್ಯಾನ್ ಮಾಡುತ್ತಾನೆ. ಸ್ಕ್ಯಾನರಿಗೆ ಇದು ಅಕ್ಷರ, ಇದು ಚಿತ್ರ ಎಂಬ ಭೇದವಿಲ್ಲ. ಅದು ಎಲ್ಲವನ್ನೂ ಚಿತ್ರವೆಂದೇ ತೆಗೆದುಕೊಳ್ಳುತ್ತದೆ. ಅದನ್ನು ಮತ್ತೆ ಮುದ್ರಿಸಿದಾಗ ಕಪ್ಪು ಅಕ್ಷರವೂ ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆದು, ಅಂಚಿನಲ್ಲಿ ಕೆಂಪು-ನೀಲಿ ನೆರಳು ಬೀಳುತ್ತದೆ. ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ನಟನ ಕೆನ್ನೆಯ ಮೇಲೆ, ಬಾನಿನ ಮೇಲೆ ಬಲೆಯಂಥ ಗೆರೆ ಏಳುತ್ತದೆ. ಒಮ್ಮೆ ಕಂಡರೆ ಮರೆಯುವುದಿಲ್ಲ.

ಇಲ್ಲಿ ನಮ್ಮ ಕನ್ನಡ ಲಿಪಿ ನಿಮಗೆ ನೆರವಾಗುತ್ತದೆ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಕಣ್ಣು ಓದಿಬಿಡುತ್ತದೆ. ಕನ್ನಡದ ಒತ್ತಕ್ಷರ ಹಾಗಲ್ಲ. ನಕಲಿಯಲ್ಲಿ ಒತ್ತು ಮೊದಲು ಮುದ್ದೆಯಾಗುತ್ತದೆ, ‘ಕ್ಷ’ದ ಹೊಟ್ಟೆ ತುಂಬಿಕೊಳ್ಳುತ್ತದೆ, ಅರ್ಕಾವತ್ತು ಕರಗುತ್ತದೆ. ಕೆಲವರು ಕನ್ನಡ ಬಾರದವರ ಕೈಯಲ್ಲಿ ಹೊಸದಾಗಿ ಟೈಪು ಮಾಡಿಸುತ್ತಾರೆ. ಆಗ ಫಾಂಟು ಕೆಟ್ಟು ಕೊಂಬು ಒಂದು ಕಡೆ, ಒತ್ತು ಒಂದು ಕಡೆ ಬೀಳುತ್ತದೆ.

ಹೆಸರುಗಳನ್ನೂ ಓದಿ. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ದ ನಿರ್ದೇಶಕರು ಸಿದ್ಧಲಿಂಗಯ್ಯ, ಕಾದಂಬರಿ ಟಿ.ಕೆ. ರಾಮರಾವ್ ಅವರದು. ಅದೇ ವರ್ಷದ ‘ನಾಗರಹಾವು’ ಪುಟ್ಟಣ್ಣ ಕಣಗಾಲರದು, ಕಾದಂಬರಿ ತ.ರಾ.ಸು. ಅವರದು. ಕವರಿನ ಮೇಲೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತಿದ್ದರೆ ಅನುಮಾನಿಸಿ. ಹಕ್ಕು ಕೊಂಡವನಿಗೆ ತಾನು ಏನು ಕೊಂಡೆ ಎಂಬುದು ಗೊತ್ತಿರುತ್ತದೆ.

ಹೆಸರು ಎಲ್ಲಿ? ವಿಳಾಸ ಎಲ್ಲಿ?

ಚುನಾವಣೆಯ ಕರಪತ್ರದ ಕೆಳಗೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಹಾಗೆ ಹೇಳುತ್ತದೆ. ಪ್ರೆಸ್ಸಿನವರಾದ ನಮಗೆ ಇದು ಬಾಯಿಪಾಠ. ಡಿಸ್ಕಿಗೂ ಅಂಥದೇ ಕಾನೂನು ಇದೆ ಎಂಬುದು ಮಾತ್ರ ಬಹಳ ಜನರಿಗೆ ತಿಳಿಯದು.

1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ 52ಎ ಎಂಬ ಕಲಂ ಸೇರಿಸಿದರು. ಅದರ ಪ್ರಕಾರ ಸಿನಿಮಾ ಡಿಸ್ಕಿನಲ್ಲಿಯೂ ಅದರ ಪೊಟ್ಟಣದ ಮೇಲೂ ಮೂರು ಸಂಗತಿ ಇರಬೇಕು. ಒಂದು, ಸೆನ್ಸಾರ್ ಪ್ರಮಾಣಪತ್ರ ಬೇಕಾದ ಚಿತ್ರವಾದರೆ ಅದರ ಪ್ರತಿ. ಎರಡು, ಡಿಸ್ಕು ತಯಾರಿಸಿದವರ ಹೆಸರು, ವಿಳಾಸ, ಮತ್ತು ಹಕ್ಕುದಾರರ ಒಪ್ಪಿಗೆ ಪಡೆದಿದ್ದೇವೆ ಎಂಬ ಘೋಷಣೆ. ಮೂರು, ಹಕ್ಕುದಾರರ ಹೆಸರು, ವಿಳಾಸ. ಇದನ್ನು ಪಾಲಿಸದವರಿಗೆ ಮೂರು ವರ್ಷದವರೆಗೆ ಸೆರೆ ಮತ್ತು ದಂಡ.

ಕೊಳ್ಳುವ ಮೊದಲೇ ಮಾರುವವನಿಗೆ ಬರೆಯಿರಿ: ‘ಹಿಂಬದಿಯ ಕವರಿನ ಫೋಟೋ ಕಳಿಸಿ, ಅಕ್ಷರ ಓದುವಂತಿರಲಿ.’ ಕಳಿಸಿದರೆ ಓದಿ. ಕಳಿಸದಿದ್ದರೆ ಅದೇ ಉತ್ತರ. ಚಿತ್ರಮಂದಿರದಲ್ಲಿ ಇನ್ನೂ ಓಡುತ್ತಿರುವ ಚಿತ್ರದ ಡಿವಿಡಿ ಮಾರಾಟಕ್ಕಿದ್ದರೆ ಫೋಟೋ ಕೇಳುವ ಶ್ರಮವೂ ಬೇಡ, ಅದು ಕದ್ದ ಮಾಲು!

ಡಿಸ್ಕಿನ ಬೆನ್ನು ನೋಡಿ

ಈಗ ಡಿಸ್ಕನ್ನು ತಿರುಗಿಸಿ. ಕಾರ್ಖಾನೆಯಲ್ಲಿ ಒಂದು ಅಚ್ಚು ಮಾಡಿ ಸಾವಿರಗಟ್ಟಲೆ ಒತ್ತಿ ತೆಗೆದ ಡಿಸ್ಕಿನ ಬೆನ್ನು ಬೆಳ್ಳಿಯ ಬಣ್ಣ. ಎರಡು ಪದರದ ಡಿಸ್ಕಾದರೆ ತುಸು ಹೊಂಬಣ್ಣ. ಕಂಪ್ಯೂಟರಿನಲ್ಲಿ ಒಂದೊಂದಾಗಿ ಸುಟ್ಟ ಡಿಸ್ಕಿನಲ್ಲಿ ಬಣ್ಣದ ಲೇಪವಿರುವುದರಿಂದ ಸಾಮಾನ್ಯವಾಗಿ ನೇರಳೆ ಅಥವಾ ನೀಲಿ ಛಾಯೆ ಕಾಣುತ್ತದೆ. ದೊಡ್ಡ ಕಂಪನಿಯ ಹೆಸರಿದ್ದು ಬೆನ್ನು ನೇರಳೆಯಾಗಿದ್ದರೆ ಬಹುತೇಕ ಮೋಸವೆಂದೇ ತಿಳಿಯಿರಿ. ನಡುವಿನ ತೂತಿನ ಸುತ್ತ, ಕನ್ನಡಿಯಂಥ ಪಟ್ಟಿಯ ಬಳಿ, ಐಎಫ್‌ಪಿಐ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಒಂದು ಸಂಕೇತ ಹುಡುಕಿ. ಅದು ಯಾವ ಕಾರ್ಖಾನೆಯಲ್ಲಿ ಒತ್ತಿದ್ದು ಎಂಬುದರ ಗುರುತು. ಆ ಜಾಗವನ್ನು ಕೆರೆದು ಅಳಿಸಿದ್ದರೆ ಕೇಳುವುದೇ ಬೇಡ.

ಬೆಳ್ಳಿ ಬಣ್ಣವೊಂದೇ ಅಸಲಿತನಕ್ಕೆ ಸಾಕ್ಷಿಯಲ್ಲ. ದೊಡ್ಡ ಕಳ್ಳರು ಕಾರ್ಖಾನೆಯಲ್ಲೇ ಒತ್ತಿಸುತ್ತಾರೆ. ನೇರಳೆ ಬಣ್ಣವೆಲ್ಲ ಕಳ್ಳತನವೂ ಅಲ್ಲ. ನಮ್ಮ ಗೋಕಾಕ-ಮೂಡಲಗಿ ಸೀಮೆ ಶ್ರೀಕೃಷ್ಣ ಪಾರಿಜಾತದ ತವರು. ಅದನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮ ಇಲ್ಲಿಯವರೇ. ಒಂದು ಪಾರಿಜಾತ ಮೇಳ ತನ್ನ ಆಟವನ್ನು ಚಿತ್ರೀಕರಿಸಿ ಐವತ್ತು ಡಿಸ್ಕು ಮಾಡಿಸಿದರೆ ಕಂಪ್ಯೂಟರಿನಲ್ಲೇ ಸುಡಿಸುತ್ತದೆ. ಐವತ್ತಕ್ಕಾಗಿ ಯಾವ ಕಾರ್ಖಾನೆ ಅಚ್ಚು ಮಾಡುತ್ತದೆ? ಅಂಥ ಡಿಸ್ಕಿನ ಮೇಲೆ ಮೇಳದ ಹೆಸರು, ಊರು, ಫೋನು ಇರುತ್ತದೆ. ಒಂದು ಕರೆ ಮಾಡಿ ಕೇಳಿ, ‘ಈ ಡಿಸ್ಕು ನಿಮ್ಮದೇನ್ರಿ?’ ಎಂದು. ಕಲಾವಿದನಿಗೆ ಸಂತೋಷವೇ ಆಗುತ್ತದೆ.

ಕೊನೆಗೆ ಹಾಕಿ ನೋಡಿ. ಮೊದಲಿಗೆ ಸೆನ್ಸಾರ್ ಪತ್ರ ಬರಬೇಕು. ಟಿವಿ ವಾಹಿನಿಯ ಗುರುತು ಮೂಲೆಯಲ್ಲಿ ಕೂತಿದ್ದರೆ, ಪರದೆ ಸೊಟ್ಟಗಿದ್ದು ಯಾರದೋ ತಲೆ ಅಡ್ಡ ಬಂದರೆ ಕದ್ದದ್ದೆಂದು ಚಿತ್ರವೇ ಹೇಳುತ್ತದೆ. ಒಂದು ಪದರದ ಡಿವಿಡಿ ಹಿಡಿಯುವುದು 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಐದಾರು ಚಿತ್ರಗಳನ್ನು ಒಂದರಲ್ಲೇ ತುರುಕಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯದೆ ಇನ್ನೇನಾದೀತು?

ಮೋಸವಾದರೆ ಸುಮ್ಮನಿರಬೇಡಿ

‘ನೂರಿನ್ನೂರು ರೂಪಾಯಿಗೆ ಯಾರು ಗುದ್ದಾಡುತ್ತಾರೆ’ ಎಂಬ ಮಾತೇ ಕಳ್ಳನ ಬಂಡವಾಳ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಕವರು, ಡಿಸ್ಕು, ಬಿಲ್ಲು, ಮೇಲಿನ ಚೀಟಿ ಎಸೆಯಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಕಲಿ ಮಾಲನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮಾರಾಟದ ಜಾಲತಾಣದವರು ನಿಮ್ಮ ದೂರು ಸಿಕ್ಕಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ, ಅಲ್ಲಿ ಕನ್ನಡದಲ್ಲೇ ಮಾತನಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ನೀವು ವಾಸವಿರುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಮಾರಿದವನು ದಿಲ್ಲಿಯಲ್ಲಿದ್ದರೂ ಬೆಳಗಾವಿಗೆ ಉತ್ತರ ಕೊಡಬೇಕು!

ಹಕ್ಕುದಾರರಿಗೂ ಒಂದು ಪತ್ರ ಹಾಕಿ. ಕೃತಿ ಕದ್ದವನಿಗೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ ಎರಡು ಲಕ್ಷದವರೆಗೆ ದಂಡವಿದೆ. ಜನ ‘ಗೂಂಡಾ ಕಾಯ್ದೆ’ ಎನ್ನುವ ನಮ್ಮ ರಾಜ್ಯದ 1985ರ ಕಾಯ್ದೆಯ ಹೆಸರಿನಲ್ಲೇ ಈಗ ವಿಡಿಯೋ ಮತ್ತು ಆಡಿಯೋ ಕಳ್ಳರೂ ಸೇರಿದ್ದಾರೆ.

ನಮ್ಮ ಕೈಯೂ ಇದೆ

ಒಂದು ಮಾತು ನಮ್ಮವರಿಗೇ ಹೇಳಬೇಕು. ಬರಿಯ ಡಿಸ್ಕು ಮಾರಾಟವಾಗುವುದಿಲ್ಲ. ಅದಕ್ಕೆ ಬಣ್ಣದ ಅಂಗಿ ಬೇಕು. ಆ ಅಂಗಿ ಹೊಲಿಯುವವರು ಪ್ರೆಸ್ಸಿನವರು, ಎಂದರೆ ನಮ್ಮ ಕಸುಬಿನವರು. ನಮ್ಮಲ್ಲಿಗೂ ಗಿರಾಕಿ ಬರುತ್ತಾರೆ. ‘ಅಣ್ಣಾರ, ಈ ಕವರ ಸ್ಕ್ಯಾನ್ ಮಾಡಿ ಹಂಗ ಐದನೂರು ಹೊಡದು ಕೊಡ್ರಿ’ ಎನ್ನುತ್ತಾರೆ. ‘ಆಗಲಿ, ಬಿಲ್ ಯಾರ ಹೆಸರಿಗೆ ಹಾಕಲಿ?’ ಎಂದರೆ, ‘ಬಿಲ್ ಯಾಕ್ರಿ?’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಹೆಸರು ಹೇಳಲು ಅಂಜುವವನ ಕಾಗದ ನನ್ನ ಯಂತ್ರ ಹತ್ತುವುದಿಲ್ಲ. ಆ ದಿನದ ಕೂಲಿ ಹೋಗುತ್ತದೆ, ಹೋಗಲಿ. ಇನ್ನೊಂದು ಪ್ರೆಸ್ಸಿನವರು ಮಾಡಿಕೊಟ್ಟಾರು, ಅದು ಅವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ಊರಿನ ಎಲ್ಲ ಛಾಪಖಾನೆಗಳೂ ‘ಬಿಲ್ ಯಾರ ಹೆಸರಿಗೆ’ ಎಂದು ಕೇಳಿದರೆ ಕಳ್ಳ ಎಲ್ಲಿಗೆ ಹೋಗುತ್ತಾನೆ, ಹೇಳಿ?

ನಾವು ಕೇಳಬೇಕಾದ ಅದೇ ಪ್ರಶ್ನೆಯನ್ನು ಕೊಳ್ಳುವ ನೀವೂ ಕೇಳಿ. ಇದನ್ನು ಮಾಡಿದವರು ಯಾರು? ಒಪ್ಪಿಗೆ ಕೊಟ್ಟವರು ಯಾರು? ಕನ್ನಡದ ಹಳೆಯ ಚಿತ್ರಕ್ಕೆ, ನಮ್ಮ ಪಾರಿಜಾತಕ್ಕೆ ನೀವು ಕೊಡುವ ನೂರು ರೂಪಾಯಿಯಲ್ಲಿ ಹಾಡಿದವನಿಗೆ, ದುಡ್ಡು ಹಾಕಿದವನಿಗೆ ಒಂದು ಪಾಲು ಮುಟ್ಟಬೇಕು. ಮುಟ್ಟದಿದ್ದರೆ ಮುಂದಿನ ಡಿಸ್ಕಿಗೆ ಅವನು ಕೈ ಹಾಕುವುದಿಲ್ಲ. ನಾಳೆ ಹಾಡುವವನೇ ಇಲ್ಲದಿದ್ದರೆ ಕಳ್ಳನಾದರೂ ಏನು ಕದ್ದಾನು, ನಾವಾದರೂ ಏನು ಕೇಳುತ್ತೇವೆ?