ಮನಿ ಮಾರಿದ್ರ ಭಾಡಿಗಿಯವರು ಎಲ್ಲಿ ಹೋಗಬೇಕು?

ಗಡಿನಾಡ ಗೆಳೆಯರೇ, ಸೊಲ್ಲಾಪುರದ ಹಳೇ ವಾಡೆಗಳಲ್ಲಿ ತಲೆಮಾರುಗಳಿಂದ ಭಾಡಿಗಿ ಇರುವ ನಮ್ಮವರಿದ್ದಾರೆ. ಮಾಲಕರ ಮಕ್ಕಳು ಬಂದು, "ವಾಡೆ ಮಾರತೀವಿ, ತಿಂಗಳೊಳಗ ಖಾಲಿ ಮಾಡ್ರಿ" ಅಂದರೆ ನಮ್ಮ ಆಯಿ ಭಾಂಡೆ ಕಟ್ಟಲಿಕ್ಕೆ ಶುರು ಮಾಡ್ತಾಳೆ. ಕಟ್ಟಬ್ಯಾಡ ಅಂತ ನಾವು ಹೇಳಬೇಕು.

ಮಾರಿದ ಮಾತ್ರಕ್ಕೆ ಭಾಡಿಗಿ ಹಕ್ಕು ಹೋಗೋದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವರು ಹಳೇ ಮಾಲಕರ ಜಾಗಕ್ಕೆ ಬರ್ತಾರೆ, ಅಷ್ಟೇ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಿಡಿಸಬೇಕಾದರೆ ಕೋರ್ಟಿಗೇ ಹೋಗಬೇಕು. ಸ್ವಂತಕ್ಕೆ ಬೇಕು ಅಂತ ಅವರು ಅಲ್ಲಿ ಕೇಳಬಹುದು, ಆದರೆ ತೋರಿಸಿಕೊಡಬೇಕು. ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ ಇರುವವರಿಗೆ ಮಾತ್ರ ಇಷ್ಟು ಬಲ ಇಲ್ಲ.

ಖರೇ ಅಪಾಯ ಇರೋದು ಸಹಿಯೊಳಗ. ಮರಾಠಿ ಕಾಗದ ತಂದು "ಇಲ್ಲಿ ಸಹಿ ಹಾಕ್ರಿ, ಡಿಪಾಜಿಟ್ ವಾಪಸ್ ಕೊಡತೀವಿ" ಅಂತಾರೆ. ಕನ್ನಡ ಅಷ್ಟೇ ಓದಬಲ್ಲ ಮುತ್ಯಾ ಹಾಕಿಬಿಡ್ತಾನೆ. ಖುಷಿಯಿಂದ ಮನಿ ಬಿಟ್ಟುಕೊಟ್ಟೆ ಅಂತ ಅದರಲ್ಲಿ ಬರೆದಿರ್ತದೆ! ಎರಡೂ ಭಾಷೆ ಓದುವವರು ನಾವು. ಓಣಿಗೆ ಅಂಥ ಕಾಗದ ಬಂದರೆ ಮೊದಲು ನಾವು ಓದಿ ಹೇಳೋಣ. ಭಾಡಿಗಿ ಪಾವತಿ, ಲೈಟ್ ಬಿಲ್ಲು ಒಂದೇ ಚೀಲದಾಗ ಇಡಿಸೋಣ. ಪಾವತಿ ಕೊಡೋದು ಮಾಲಕರ ಮೇಲೆ ಕಡ್ಡಾಯ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗೆ ವಕೀಲರು ಪುಕ್ಕಟೆ. ಭಾಡಿಗಿ ಆಯಿ ಹೆಸರಿಲೆ ಇದ್ರ, ಅರ್ಜಿನೂ ಆಕಿ ಹೆಸರಿಲೇ ಹಾಕೋಣ.