ಮನೆಯ ಮೊಬೈಲು ಯಾರ ಕೈಯಲ್ಲಿ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



"ಮೊಬೈಲಿನಲ್ಲಿ ಪಾಠ ಅಂದ್ರೆ ಹುಡುಗರಿಗೆ ಖುಷಿ, ಹುಡುಗಿಯರಿಗೆ ಅಷ್ಟಕ್ಕಷ್ಟೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ? ಸ್ವಲ್ಪ ವಿಚಾರ ಮಾಡೋಣ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕಾಲೇಜುಗಳು ಮುಚ್ಚಿದವು, ಪಾಠಗಳು ಮೊಬೈಲಿಗೆ ಬಂದವು. ಮುಂದೆ ನಾವು ಭೇಟಿ ಕೊಟ್ಟ ಒಂದು ಮನೆಯಲ್ಲಿ ಮಗ, ಮಗಳು ಇಬ್ಬರೂ ಡಿಗ್ರಿ ಓದುತ್ತಿದ್ದರು. ಮೊಬೈಲು ಒಂದೇ. "ಅವಳಿಗೆ ಅದರಲ್ಲಿ ಆಸಕ್ತಿ ಇಲ್ಲ ಸಿಸ್ಟರ್" ಅಂದರು ತಾಯಿ. ನಾವು ಅದನ್ನೇ ನಂಬಿ ಹೊರಟಿದ್ದೆವು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಮಗಳು ಮೆಲ್ಲನೆ ಹೇಳಿದಳು: "ಆಸಕ್ತಿ ಇದೆ ಸಿಸ್ಟರ್. ಬೆಳಿಗ್ಗೆ ಅಣ್ಣನಿಗೆ ಕ್ಲಾಸು, ನನಗೆ ಅಡುಗೆ. ರಾತ್ರಿ ಮೊಬೈಲು ಸಿಗುವಾಗ ಡೇಟಾ ಮುಗಿದಿರ್ತದೆ."

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33 ಮಾತ್ರ. ಆದರೆ 2020-21ರಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದ ಸುಮಾರು 4.14 ಕೋಟಿ ವಿದ್ಯಾರ್ಥಿಗಳಲ್ಲಿ 2.01 ಕೋಟಿ ಹೆಣ್ಣುಮಕ್ಕಳು. ಅಂದರೆ ಓದುವ ಮನಸ್ಸಿಗೆ ಕೊರತೆಯಿಲ್ಲ. ಕೊರತೆ ಇರುವುದು ಮೊಬೈಲಿಗೆ, ಸಮಯಕ್ಕೆ, ಮನೆಯವರ ಬೆಂಬಲಕ್ಕೆ.

ಇನ್ನೊಂದು ಹೆದರಿಕೆಯೂ ಇದೆ. ಮಗಳಿಗೆ ಅಪರಿಚಿತರ ಕರೆ ಬಂದರೆ ನಾವು ಮೊದಲು ಮಾಡುವುದೇನು? ಅವಳ ಕೈಯಿಂದ ಮೊಬೈಲು ಕಿತ್ತುಕೊಳ್ಳುವುದು. ತಪ್ಪು ಮಾಡಿದವನು ಯಾರೋ, ಪಾಠ ತಪ್ಪುವುದು ಇವಳಿಗೆ! ಇನ್ನು ಮುಂದೆ ಅವಳು ನಮ್ಮಲ್ಲಿ ಹೇಳುವುದೇ ಇಲ್ಲ. ಹಾಗಾಗಿ ಮಗಳ ಮಾತು ಕೇಳಿ, ನಂಬರ್ ಬ್ಲಾಕ್ ಮಾಡಿಸಿ, ಪೊಲೀಸರಿಗೆ ದೂರು ಕೊಡಿ.

2017ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ಸ್ವಯಂ'ನಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯುವುದಾದರೆ ಶುಲ್ಕ ಇದೆ. ಮದುವೆಯಾಗಿ ಓದು ನಿಲ್ಲಿಸಿದವರಿಗೂ ಇದು ಒಳ್ಳೆಯ ದಾರಿ. ಆದರೆ ಎಚ್ಚರ: "ಮನೆಯಲ್ಲೇ ಕಲೀಲಿ, ಕಾಲೇಜು ಯಾಕೆ?" ಎಂದು ಮಗಳನ್ನು ಮನೆಯಲ್ಲಿ ಕೂರಿಸಲು ಇದು ನೆಪವಾಗಬಾರದು.

ಆ ತಾಯಿ ಮತ್ತೇನು ಮಾಡಿದರು ಗೊತ್ತೇ? ಸಂಜೆ ಏಳರಿಂದ ಒಂಬತ್ತರವರೆಗೆ ಮೊಬೈಲು ಮಗಳಿಗೆ, ಆ ಹೊತ್ತಿನ ಪಾತ್ರೆ ಕೆಲಸ ಮಗನಿಗೆ ಎಂದು ನಿರ್ಧರಿಸಿದರು. ಒಂದು ವಾರ ಮನೆಯಲ್ಲಿ ಗೊಣಗಾಟ, ಆಮೇಲೆ ಅಭ್ಯಾಸವಾಯಿತು.

ಸಹೋದರಿಯರೇ, ಆಡು, ದನ ಕೊಳ್ಳಲು ಸಂಘದಲ್ಲಿ ಸಾಲ ಕೊಡುತ್ತೇವೆ. ಮಗಳ ಓದಿಗೆ ಮೊಬೈಲು ಬೇಕೆಂದು ಸದಸ್ಯೆ ಕೇಳಿದರೆ ಅದನ್ನೂ ವಿದ್ಯಾಭ್ಯಾಸದ ಸಾಲವೆಂದೇ ಪರಿಗಣಿಸೋಣ. ಇವತ್ತು ಮನೆಗೆ ಹೋಗಿ ಮಗಳನ್ನೊಮ್ಮೆ ಕೇಳಿ: "ನಿನಗೆ ಓದಲು ಎಷ್ಟು ಹೊತ್ತು ಬೇಕು ಮಗಾ?" ಅವಳು ಹೇಳಿದ್ದನ್ನು ಮುಂದಿನ ವಾರದ ಸಭೆಯಲ್ಲಿ ಹಂಚಿಕೊಳ್ಳೋಣ.