ಸುಟ್ಟದ್ದು, ಬೆಂದದ್ದು

ಪಾಕಶಾಸ್ತ್ರದ ವಿಷಯವಾಗಿ ಮಾತನಾಡಲು ನನಗೇನು ಅಧಿಕಾರ ಎಂದು ಕೇಳುಗ ಮಿತ್ರರು ಪ್ರಶ್ನಿಸಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮೂರು ದಶಕಗಳಿಗೂ ಮಿಕ್ಕಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಹಳಗನ್ನಡದ ಧಾತುಗಳನ್ನು ಕುರಿತು ಕೇಳಿದರೆ ಏನಾದರೂ ಹೇಳಿಯೇನು. ಒಲೆಯ ಮುಂದೆ ಕುಳಿತ ಅನುಭವ ಮಾತ್ರ ಅಷ್ಟಕ್ಕಷ್ಟೆ. ಆದರೂ ಇಡೀ ಕೋಳಿಯನ್ನು ಮನೆಯಲ್ಲಿ ಸುಡುವ ವಿಷಯವನ್ನೇ ಈ ದಿನದ ಮಾತಿಗೆ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಒಂದು ತಪ್ಪು. ಆ ತಪ್ಪನ್ನು ಮಾಡಿದವನು ನಾನೇ ಆದ್ದರಿಂದ, ಅದನ್ನು ಕುರಿತು ಮಾತನಾಡುವ ಅಧಿಕಾರವಂತೂ ನನಗಿದೆ ಎಂದುಕೊಂಡಿದ್ದೇನೆ.

ನಾನು ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಾಯಿಯ ತವರು ನಾಗಮಂಗಲದ ಕಡೆ. ಹೆಣ್ಣು ಕೊಟ್ಟ ಮಾವನವರದು ಪಾಂಡವಪುರ. ಈಗ ನೆಲೆಸಿರುವುದು ಶ್ರೀರಂಗಪಟ್ಟಣದಲ್ಲಿ. ಹೀಗೆ ನಾಲ್ಕು ತಾಲ್ಲೂಕುಗಳ ಅನ್ನದ ಋಣ ನನ್ನ ಮೇಲಿದೆ. ಈ ಸೀಮೆಯ ಅಡುಗೆ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮೇಲುಕೋಟೆಯ ಪುಳಿಯೋಗರೆ. ಅದು ಸಹಜವೂ ಹೌದು, ಸರಿಯೂ ಹೌದು. ಆದರೆ ಅದೇ ಬೆಟ್ಟದ ಕೆಳಗಿನ ಊರುಗಳಲ್ಲಿ ಯುಗಾದಿಯ ಮರುದಿನ ಹೊಸತೊಡಕು ಬರುತ್ತದೆ. ಮಾಂಸಾಹಾರದ ಮನೆಗಳಲ್ಲಿ ಆ ದಿನ ರಾಗಿಮುದ್ದೆಯ ಪಕ್ಕದಲ್ಲಿ ನಾಟಿಕೋಳಿಯ ಸಾರೋ ಕುರಿಯ ಮಾಂಸವೋ ಇರಲೇಬೇಕು. ಬೇವುಬೆಲ್ಲದಿಂದ ಆರಂಭವಾದ ವರ್ಷ ಎರಡನೆಯ ದಿನಕ್ಕೇ ಖಾರಕ್ಕೆ ತಿರುಗುತ್ತದೆ.

ನನ್ನ ಬಾಲ್ಯದ ಹೊಸತೊಡಕು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೋಳಿಯ ಪುಕ್ಕವನ್ನೆಲ್ಲ ಕಿತ್ತ ಮೇಲೆ ಹಿತ್ತಿಲಿನಲ್ಲಿ ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚುತ್ತಿದ್ದರು. ನಮ್ಮಮ್ಮ ಕೋಳಿಯ ಕಾಲುಗಳನ್ನು ಹಿಡಿದು ಆ ಉರಿಯ ಮೇಲೆ ತಿರುಗಿಸಿ ತಿರುಗಿಸಿ ಸುಡುತ್ತಿದ್ದಳು. ಉಳಿದ ನವಿರು ರೋಮಗಳು ಚಿಟಿಚಿಟಿ ಎಂದು ಉರಿದುಹೋಗಿ ಚರ್ಮ ಬಿಗಿಯುತ್ತಿತ್ತು. ಒಂದು ಬಗೆಯ ಕಮರು ವಾಸನೆ ಕೇರಿಗೆಲ್ಲ ಹರಡುತ್ತಿತ್ತು. ಬಳಿಕ ಅರಿಸಿನ ಹಚ್ಚಿ ಉಜ್ಜಿ ತೊಳೆದು, ತುಂಡು ಮಾಡಿ, ಮಡಕೆಗೆ ಹಾಕಿ, ಸಾರು ಕೊತಕೊತನೆ ಕುದಿಯುವವರೆಗೆ ಒಲೆಯ ಬಳಿಯಿಂದ ಏಳುತ್ತಿರಲಿಲ್ಲ. ನಾವು ಮಕ್ಕಳು ಈಲಿಯ ಚೂರನ್ನು ಬೇಡಿ ಕೆಂಡದಲ್ಲಿ ಸುಟ್ಟುಕೊಂಡು ಅವಸರದಿಂದ ಬಾಯಿಗಿಡಹೋದರೆ ಕೈಯಿಂದ ಕಿತ್ತುಕೊಂಡು ಮುರಿದು ನೋಡುತ್ತಿದ್ದಳು. ಒಳಗೆ ಕೆಂಪು ಕಂಡರೆ ಮತ್ತೆ ಕೆಂಡಕ್ಕೆ. “ಸುಟ್ಟೈತೆ, ಬೆಂದಿಲ್ಲ ಕಣ್ಲಾ” ಎನ್ನುತ್ತಿದ್ದಳು.

ಶಾಲೆಯ ಮೆಟ್ಟಿಲು ಹತ್ತದ ನಮ್ಮಮ್ಮ ಆ ಒಂದು ಮಾತಿನಲ್ಲಿ ಎರಡು ಧಾತುಗಳ ಅರ್ಥಭೇದವನ್ನು ನಿರ್ಣಯಿಸಿಬಿಟ್ಟಿದ್ದಳು. ಕನ್ನಡದಲ್ಲಿ ಬೆಂಕಿಯ ಕೆಲಸವನ್ನು ಹೇಳುವ ಕ್ರಿಯಾಪದಗಳಿಗೆ ಬಡತನವಿಲ್ಲ. ಸುಡು, ಹುರಿ, ಕಾಯಿಸು, ಬಾಡಿಸು, ಕಮರು, ಸೀಯು, ಬೇಯು. ಹಳೆಯದಾದ ‘ಅಡು’ ಎಂಬುದು ಅಡುಗೆ ಎಂಬ ಮಾತಿನಲ್ಲಿ ಇಂದಿಗೂ ಉಳಿದಿದೆ. ಇವುಗಳಲ್ಲಿ ಸುಡುವುದು ಬೆಂಕಿ ಮಾಡುವ ಕೆಲಸ. ಬೇಯುವುದು ಪದಾರ್ಥಕ್ಕೆ ಒಳಗೆ ಆಗುವ ಪರಿವರ್ತನೆ. ಒಂದು ಹೊರಗಿನದು, ಕಣ್ಣಿಗೆ ಕಾಣುವಂಥದು. ಇನ್ನೊಂದು ಒಳಗಿನದು, ಕಾಣದು. ನಮ್ಮ ಹಳ್ಳಿಗಳಲ್ಲಿ ಇಡೀ ಕೋಳಿಯನ್ನು ಸುಡುತ್ತಿದ್ದುದು ನಿಜ. ಆದರೆ ಸುಟ್ಟ ಕೋಳಿಯನ್ನು ಹಾಗೆಯೇ ತಿನ್ನುತ್ತಿರಲಿಲ್ಲ. ಸುಡುವುದು ಶುಚಿಗಾಗಿ, ಪರಿಮಳಕ್ಕಾಗಿ. ಬೇಯಿಸುವುದಕ್ಕೆ ಮಡಕೆಯಿತ್ತು, ಕುದಿಯುವ ನೀರಿತ್ತು.

ಇಡಿಯಾಗಿ ಸುಡುವ ಕ್ರಮ ನಮ್ಮ ನಾಡಿಗೆ ಹೊಸದೇನೂ ಅಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ಹೇಳುವ ಭಾಗವಿದೆ, ಹಂದಿಯ ರೋಮ ತೆಗೆದು ಬೆಂಕಿಯಲ್ಲಿ ಸುಡುವ ವಿಧಾನವನ್ನು ಅಲ್ಲಿ ವಿವರಿಸಿದೆ. ಸಲಾಕೆಗೆ ಚುಚ್ಚಿ ಸುಟ್ಟ ಮಾಂಸಕ್ಕೆ ಸಂಸ್ಕೃತದಲ್ಲಿ ‘ಶೂಲ್ಯ’ ಎಂಬ ಹೆಸರೇ ಉಂಟು. ಆದರೆ ಅರಮನೆಯ ಸೂದರಿಗೆ ಅದೇ ದಿನನಿತ್ಯದ ಕಸುಬು. ನಮ್ಮ ನಿಮ್ಮಂಥ ಮನೆಗಳಿಗೆ ವಿದ್ಯುತ್ತಿನ ಓವನ್ನು ಬಂದದ್ದು ಇತ್ತೀಚೆಗೆ. ಉಪಕರಣ ಬಂದಿತು; ಅದರ ಜೊತೆಯಲ್ಲಿ ಬರಬೇಕಾದ ಶಿಸ್ತು ಬರಲಿಲ್ಲ.

ಶಿಸ್ತು ಎಂದೊಡನೆ ಪಾಂಡವಪುರದ ಒಂದು ಆಲೆಮನೆಯ ರಾತ್ರಿ ನೆನಪಾಗುತ್ತದೆ. ಮದುವೆಯಾದ ಹೊಸತರಲ್ಲಿ ಮಾವನವರ ಕಬ್ಬು ಅರೆಯುವುದನ್ನು ನೋಡಲು ಹೋಗಿದ್ದೆ. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಚೊಕ್ಕಟಮಾಡಿದ ಎಳೆಯ ಹುಂಜಕ್ಕೆ ಉಪ್ಪು ಖಾರ ಸವರಿ, ಬಾಳೆಲೆ ಸುತ್ತಿ, ಮೇಲೆ ಗದ್ದೆಯ ಜೇಡಿಮಣ್ಣು ಮೆತ್ತಿ ಒಲೆಯ ಬಾಯಿಯ ಕೆಂಡದಲ್ಲಿ ಹೂತರು. ಹಸಿದಿದ್ದ ನಾನು ಅರ್ಧ ಗಂಟೆಗೇ “ಆಯಿತೇನೋ?” ಎಂದು ಕೇಳಿದೆ. “ಸ್ವಾಮಿ, ಎರಡನೇ ಕೊಪ್ಪರಿಗೆ ಇಳೀಲಿ” ಎಂದರು. ಅಷ್ಟು ಹೊತ್ತು ಕಾಯಬೇಕೆಂಬುದು ಅವರ ಗಡಿಯಾರ. ಕೊಪ್ಪರಿಗೆ ಇಳಿದ ಮೇಲೆ ಮಣ್ಣನ್ನು ಒಡೆದರು. ಕಾಲು ಹಿಡಿದು ಎಳೆದರೆ ಮೂಳೆ ಒಂದೆಡೆ ಮಾಂಸ ಒಂದೆಡೆ. ಕಾಯುವುದಕ್ಕೆ ಅವರಿಗೆ ನಾಚಿಕೆಯಿರಲಿಲ್ಲ.

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದಿನ ಹೊಸತೊಡಕು. ಬೆಂಗಳೂರಿನಿಂದ ಮಗಳು ಅಳಿಯ ಮೊಮ್ಮಗ ಬಂದಿದ್ದರು. ಅಳಿಯಂದಿರು ಒಂದು ಓವನ್ನನ್ನು ಉಡುಗೊರೆಯಾಗಿ ತಂದಿದ್ದರು. ಹೆಪ್ಪುಗಟ್ಟಿಸಿದ ಇಡೀ ಕೋಳಿಯೊಂದು ಫ್ರಿಜ್ಜಿನ ಮೇಲಿನ ಅರೆಯಲ್ಲಿತ್ತು. ಬೆಳಿಗ್ಗೆ ಅದನ್ನು ಹೊರಗೆ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆವು. ಚೈತ್ರದ ಬಿಸಿಲಿಗೆ ಹೊರಮೈ ಬೇಗನೆ ಮೆತ್ತಗಾಯಿತು; ಒಳಗೆ ಬೆನ್ನುಮೂಳೆಯ ಹತ್ತಿರ ಇನ್ನೂ ಮಂಜು ಕೂತಿತ್ತೆಂಬುದನ್ನು ನಾವು ನೋಡಲಿಲ್ಲ. ಒಂದು ಗಂಟೆ ಕಳೆಯುವಷ್ಟರಲ್ಲಿ ಕೋಳಿ ಹೊಂಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿ, “ಇನ್ನೊಂದಷ್ಟು ಹೊತ್ತು ಇರಲಿ ಕಣ್ರೀ” ಎಂದಳು. ಹಸಿದ ಮೊಮ್ಮಗ ಓವನ್ನಿನ ಗಾಜಿಗೆ ಮೂಗು ಒತ್ತಿ ನಿಂತಿದ್ದ. “ಬಣ್ಣ ನೋಡಿದರೆ ತಿಳಿಯುವುದಿಲ್ಲವೆ? ಬೆಂದಿದೆ” ಎಂದು ನಾನು ತೀರ್ಪು ಕೊಟ್ಟೆ. ತೊಡೆಯ ಮೂಳೆಯ ಬಳಿ ಕೆಂಪಗೆ ಕಂಡದ್ದನ್ನು ಮಸಾಲೆಯ ಬಣ್ಣವೆಂದು ವ್ಯಾಖ್ಯಾನಿಸಿದವನೂ ನಾನೇ. ಆ ತೊಡೆಯ ತುಂಡು ಮಗುವಿನ ತಟ್ಟೆಗೆ ಹೋಯಿತು.

ಎರಡನೆಯ ದಿನ ಮಗುವಿಗೆ ಜ್ವರ, ಹೊಟ್ಟೆನೋವು, ಭೇದಿ. ಮೂರು ದಿನ ಆಸ್ಪತ್ರೆಯಲ್ಲಿ ಆ ಸಣ್ಣ ಕೈಗೆ ಸೂಜಿ ಚುಚ್ಚಿ ಹನಿಹನಿಯಾಗಿ ನೀರು ಏರಿಸಿದರು. ಕಾರಣ ಇದೇ ಎಂದು ವೈದ್ಯರು ಖಂಡಿತವಾಗಿ ಹೇಳಲಿಲ್ಲ. ಏನು ತಿಂದಿದ್ದ ಎಂದು ಕೇಳಿ, ಉತ್ತರ ಕೇಳಿ, ಸುಮ್ಮನಾದರು. ಮನೆಯಲ್ಲಿ ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ಮೂರನೆಯ ಸಂಜೆ ಸ್ವಲ್ಪ ಗೆಲುವಾದ ಮಗು ಮಾತ್ರ, “ತಾತ, ಕೋಳಿ ಬೆಂದಿತ್ತು ಅಂದ್ಯಲ್ಲಾ?” ಎಂದು ಕೇಳಿತು. ಮೌಖಿಕ ಪರೀಕ್ಷೆಗಳಲ್ಲಿ ಎಷ್ಟೋ ವಿದ್ಯಾರ್ಥಿಗಳನ್ನು ತಬ್ಬಿಬ್ಬು ಮಾಡಿದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ಈ ವಿಷಯವನ್ನು ಶ್ರದ್ಧೆಯಿಂದ ಓದಿದೆ, ತಿಳಿದವರನ್ನು ಕೇಳಿದೆ. ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರುವುದು ಸಾಮಾನ್ಯ. ಮೊದಲನೆಯದರ ಹೆಸರು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರಿಂದ ಬಂದದ್ದು. ಮೀನಿಗೂ ಅದಕ್ಕೂ ಸಂಬಂಧವಿಲ್ಲ. ಕೋಳಿ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಮಾಂಸಕ್ಕೆ ಕೆಟ್ಟ ವಾಸನೆಯೂ ಇರುವುದಿಲ್ಲ. ಕಣ್ಣು ಮೂಗುಗಳ ಸಾಕ್ಷ್ಯ ಇಲ್ಲಿ ನಡೆಯದು. ಸಾರಿನ ಮಡಕೆಯಲ್ಲಿ ಕುದಿಯುವ ನೀರು ಪ್ರತಿಯೊಂದು ತುಂಡನ್ನೂ ಸುತ್ತುವರಿದು ಈ ಅಣುಗಳನ್ನು ಕೊಲ್ಲುತ್ತಿತ್ತು. ಇಡೀ ಕೋಳಿಯಲ್ಲಾದರೋ ಶಾಖ ಹೊರಗಿನಿಂದ ಒಳಕ್ಕೆ ನಿಧಾನವಾಗಿ ನಡೆದುಹೋಗಬೇಕು. ನಮ್ಮಮ್ಮನ ಅಡುಗೆಯಿಂದ ಮಡಕೆಯನ್ನು ತೆಗೆದುಹಾಕಿದವರು ಮಡಕೆ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಕ್ಕಾದರೂ ಒಪ್ಪಿಸಬೇಕಲ್ಲವೆ?

ಒಪ್ಪಿಸಬೇಕಾದದ್ದು ಒಂದು ಸಣ್ಣ ಉಷ್ಣಮಾಪಕಕ್ಕೆ. ಅಡುಗೆಗೆಂದೇ ಮಾಡಿದ, ಸೂಜಿಯಂತೆ ಚುಚ್ಚುವ ಥರ್ಮಾಮೀಟರು ಈಗ ಸುಲಭವಾಗಿ ದೊರೆಯುತ್ತದೆ. ತೊಡೆಯ ಅತ್ಯಂತ ದಪ್ಪನಾದ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ ನೋಡಬೇಕು. ಎದೆಯ ಭಾಗದಲ್ಲೂ ನೋಡಬೇಕು. ಎಲ್ಲಿಯೂ 74 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆ ಇರಕೂಡದು. ಚರ್ಮದ ಬಣ್ಣವಾಗಲಿ, ಒಸರುವ ರಸದ ಬಣ್ಣವಾಗಲಿ ನಂಬತಕ್ಕ ಪ್ರಮಾಣವಲ್ಲ. ಉಷ್ಣಮಾಪಕವಿಲ್ಲದವರು ಕೋಳಿಯನ್ನು ತುಂಡು ಮಾಡಿ ಬೇಯಿಸುವುದೇ ಲೇಸು. ಕೊಯ್ದ ಮೇಲೆ ಸಂದೇಹ ಬಂದರೆ ಮಾನ ಹೋಯಿತೆಂದು ತಿಳಿಯದೆ ತುಂಡುಗಳನ್ನು ಬಾಣಲೆಗೆ ಹಾಕಿ ಮತ್ತೆ ಬೇಯಿಸಬೇಕು.

ಮಿಕ್ಕ ನಿಯಮಗಳು ಸರಳವಾದವು. ಹೆಪ್ಪುಗಟ್ಟಿದ ಕೋಳಿಯನ್ನು ಕಟ್ಟೆಯ ಮೇಲಿಡದೆ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ರಸ ಸೋರದಂತೆ ತಟ್ಟೆಯಲ್ಲಿಟ್ಟು ಕರಗಿಸಬೇಕು. ಎರಡು ಕಿಲೋ ತೂಕದ್ದಕ್ಕೆ ಸುಮಾರು 24 ಗಂಟೆ ಬೇಕು. ಮೊಸರು, ಶುಂಠಿ, ಬೆಳ್ಳುಳ್ಳಿ ಸವರಿ ನೆನೆಯಲು ಬಿಡುವುದೂ ಫ್ರಿಜ್ಜಿನಲ್ಲಿಯೇ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬಾರದೆಂದು ತಿಳಿದವರು ಹೇಳುತ್ತಾರೆ. ನಮ್ಮ ಸಂಪ್ರದಾಯಕ್ಕೆ ಇದು ವಿಚಿತ್ರವಾಗಿ ತೋರಬಹುದು. ನೀರು ರೋಗಾಣುವನ್ನು ಕೊಲ್ಲುವುದಿಲ್ಲ. ಸಿಡಿದು ಪಕ್ಕದ ಪಾತ್ರೆ, ಸೊಪ್ಪು, ಲೋಟಗಳಿಗೆ ಹಂಚುತ್ತದೆ. ಅರಿಸಿನವೂ ಶಾಖದ ಕೆಲಸವನ್ನು ಮಾಡಲಾರದು. ಕಾಗದದಿಂದ ಒತ್ತಿ ಒಣಗಿಸಿ ಆ ಕಾಗದವನ್ನು ಎಸೆದರೆ ಸಾಕು, ಚರ್ಮವೂ ಗರಿಗರಿಯಾಗುತ್ತದೆ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ಅದನ್ನು ಕೊಯ್ದ ಚಾಕು ಮಣೆಗಳಲ್ಲಿ ಕೋಸಂಬರಿಯ ಸೌತೆಕಾಯಿಯನ್ನು ಹೆಚ್ಚಬಾರದು. ಹಸಿಯದನ್ನು ಇಟ್ಟಿದ್ದ ತಟ್ಟೆಗೆ ಬೆಂದದ್ದನ್ನು ಬಡಿಸಬಾರದು.

ಕೋಳಿಯ ಹೊಟ್ಟೆಯೊಳಗೆ ಅನ್ನವನ್ನೋ ಮೊಟ್ಟೆಯನ್ನೋ ತುಂಬುವ ಚಪಲ ಹೊಸಬರಿಗೆ ಬೇಡ. ಶಾಖ ಕೊನೆಗೆ ತಲುಪುವ ಜಾಗವೇ ಅದು. ತುಂಬಿದ ಪದಾರ್ಥ ಹಸಿರಸವನ್ನು ಹೀರಿಕೊಂಡು ಬೇಯದೆ ಉಳಿಯುತ್ತದೆ. ಓವನ್ನನ್ನು ಮೊದಲೇ ಕಾಯಿಸಿ 180 ಡಿಗ್ರಿಯಲ್ಲಿಟ್ಟರೆ ಒಂದೂವರೆ ಕಿಲೋ ತೂಕದ ಎಳೆಯ ಕೋಳಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಆದರೆ ಗಡಿಯಾರ ಅಂದಾಜಿಗೆ, ತೀರ್ಮಾನ ಉಷ್ಣಮಾಪಕಕ್ಕೆ. ಬಲಿತ ನಾಟಿಕೋಳಿ ಈ ಒಣಶಾಖಕ್ಕೆ ಬಗ್ಗುವುದಿಲ್ಲ. ಅದರ ಸ್ವಧರ್ಮ ಸಾರು. ಓವನ್ನಿಲ್ಲದೆ ಇದ್ದಿಲಿನಲ್ಲಿ ಸುಡುವವರು ಬಯಲಿನಲ್ಲಿಯೇ ಸುಡಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಇದೆ.

2020ರ ಮಾರ್ಚಿಯಲ್ಲಿ ನೆರೆಯ ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ನಮ್ಮ ಕಡೆಯವರೂ ಕೋಳಿಯ ಹೆಸರೆತ್ತಲು ಹೆದರಿದ್ದರು. ಆ ರೋಗಾಣುವೂ ಚೆನ್ನಾಗಿ ಬೆಂದ ಮಾಂಸದಲ್ಲಿ ಉಳಿಯದು. ಸತ್ತ ಅಥವಾ ಕಾಯಿಲೆಬಿದ್ದ ಹಕ್ಕಿಯನ್ನು ಮುಟ್ಟದಿರುವುದು, ಉಳಿದದ್ದನ್ನು ಪೂರ್ತಿಯಾಗಿ ಬೇಯಿಸುವುದು, ಇವೆರಡೂ ಅಂದಿನ ಬುದ್ಧಿವಾದ. ಭಯಕ್ಕಿಂತ ಎಚ್ಚರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಓವನ್ನಿನಿಂದ ತೆಗೆದ ಕೋಳಿಯನ್ನು ಒಡನೆಯೇ ಕೊಯ್ಯಬಾರದು. ಕಾಲು ಗಂಟೆ ಸುಮ್ಮನೆ ಬಿಟ್ಟರೆ ರಸ ಮಾಂಸದಲ್ಲಿಯೇ ನಿಲ್ಲುತ್ತದೆ. ಬೇಯುವ ತನಕ ತಾಳಿದವನು ಆರುವ ತನಕ ತಾಳಲಾರನೆ ಎಂಬ ಗಾದೆ ಇದಕ್ಕಾಗಿಯೇ ಹುಟ್ಟಿದಂತಿದೆ. ಆದರೆ ಆರಿಸುವುದಕ್ಕೂ ಮಿತಿಯುಂಟು. ಮಿಕ್ಕದ್ದನ್ನು ಎರಡು ಗಂಟೆಯೊಳಗೆ, ಬೇಸಿಗೆಯ ಸುಡುಬಿಸಿಲಾದರೆ ಒಂದು ಗಂಟೆಯೊಳಗೆ, ಫ್ರಿಜ್ಜಿಗೆ ಸೇರಿಸಬೇಕು. ಮತ್ತೆ ತಿನ್ನುವಾಗ ಹೊಗೆಯಾಡುವಷ್ಟು ಬಿಸಿಮಾಡಬೇಕು.

ಮುಂದಿನ ವರ್ಷದ ಹೊಸತೊಡಕಿಗೆ ಅವರು ಮತ್ತೆ ಬಂದರು. ಮಗಳು ಏನೂ ಹೇಳದೆ ಸಾರಿಗೆ ಮಸಾಲೆ ಅರೆಯತೊಡಗಿದಳು. ಓವನ್ನನ್ನು ಮೂಲೆಗೆ ಸೇರಿಸಿಬಿಡೋಣವೆಂದು ನನಗೂ ಅನ್ನಿಸಿತ್ತು. ಆದರೆ ಹಾಗೆ ಮಾಡಿದ್ದರೆ ಮಗುವಿನ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಆದ್ದರಿಂದ ಹಿಂದಿನ ದಿನವೇ ಕೋಳಿಯನ್ನು ಕೆಳಗಿನ ಅರೆಗೆ ಇಳಿಸಿದ್ದೆ. ಉಷ್ಣಮಾಪಕವನ್ನು ಮೊಮ್ಮಗನ ಕೈಗೇ ಕೊಟ್ಟೆ. ಒಂದು ಗಂಟೆಗೆ ಕೋಳಿ ಹೊಂಬಣ್ಣವಾಯಿತು. ನನ್ನ ಕೈಯ ಆಸರೆಯಲ್ಲಿ ಅವನು ಚುಚ್ಚಿ ನೋಡಿ, “ಅರವತ್ತೊಂದು ತಾತ, ಇನ್ನೂ ಇಲ್ಲ” ಎಂದ. ಮತ್ತೆ ಇಟ್ಟೆವು. ಕಾಲು ಗಂಟೆಯ ಮೇಲೆ ಅರವತ್ತೊಂಬತ್ತು. ಹಸಿದಿದ್ದವರಾರೂ ಮಾತಾಡಲಿಲ್ಲ. ಮೂರನೆಯ ಸಲ ಎಪ್ಪತ್ತೇಳು ಎಂದು ಓದಿ, ನನ್ನ ಮುಖವನ್ನು ನೋಡಿ, “ಈಗ ಬೆಂದಿದೆ” ಎಂದ.

ನನ್ನ ಹೆಂಡತಿ ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ಮುರಿದು ಮೂಳೆಯ ಬಳಿ ನೋಡಿದೆ. ಆಮೇಲೆ ಮಗುವಿನ ತಟ್ಟೆಗೆ ಬಡಿಸಲು ಹೇಳಿದೆ.



(ಆಕಾಶವಾಣಿಯ ಕೃಪೆಯಿಂದ)